ಕೇಳಿದ್ದು ಯಾರು? ಸಮುವೇಲ ಎಂಬ ಹೆಸರನ್ನು ಬಿಡಿಸಿ ಓದುವುದು ಹೇಗೆ

ಭಾನುವಾರ ಶಾಲೆಯಲ್ಲಿ ಒಮ್ಮೆ ಮಕ್ಕಳಿಗೆ ಸತ್ಯವೇದದಲ್ಲಿ, ಅಂದರೆ ಬೈಬಲಿನಲ್ಲಿ, ಬರುವ ಪ್ರವಾದಿ ಸಮುವೇಲನ ಕಥೆ ಹೇಳುತ್ತಿದ್ದೆ. ಸಮುವೇಲ ಎಂದರೆ "ದೇವರು ಕೇಳಿದನು" ಎಂದು ಅರ್ಥ ಅಂದೆ. ಮುಂದಿನ ಸಾಲಿನಲ್ಲಿ ಕೂತಿದ್ದ ಹುಡುಗಿ ಕೈ ಎತ್ತಿ, "ಟೀಚರ್, ದೇವರು ಏನು ಕೇಳಿದ? ತಿಂಡಿನಾ?" ಅಂತ ಕೇಳಿದಳು.

ಆ ಮಗುವಿನ ಪ್ರಶ್ನೆ ಸರಿಯಾಗಿಯೇ ಇತ್ತು. ನಮ್ಮ "ಕೇಳು" ಎರಡು ಕೆಲಸ ಮಾಡುವ ಮಾತು. ಅಂಗಡಿಗೆ ಹೋಗಿ ಸಕ್ಕರೆ ಕೇಳುತ್ತೇವೆ, ರೇಡಿಯೋ ಹಾಕಿ ಹಾಡು ಕೇಳುತ್ತೇವೆ. ಒಂದರಲ್ಲಿ ಬಾಯಿ ಕೆಲಸ ಮಾಡುತ್ತದೆ, ಇನ್ನೊಂದರಲ್ಲಿ ಕಿವಿ. ಹೀಬ್ರೂ ಭಾಷೆಯಲ್ಲಿ ಇವು ಬೇರೆ ಬೇರೆ ಧಾತುಗಳು. ಬೇಡಿ ಕೇಳುವುದಕ್ಕೆ "ಶಾಅಲ್", ಕಿವಿಗೊಟ್ಟು ಕೇಳುವುದಕ್ಕೆ "ಶಾಮಾ". ಸಮುವೇಲ ಎಂಬ ಹೆಸರಿನ ಅರ್ಥದ ಬಗ್ಗೆ ಓಡಾಡುವ ಗೊಂದಲ ಪೂರ್ತಿ ಈ ಎರಡು ಕೇಳುಗಳ ನಡುವೆಯೇ ಇದೆ. ಕನ್ನಡದಲ್ಲಿ ಓದುವವರಿಗೆ ಅದು ಇನ್ನೂ ಸುಲಭವಾಗಿ ಕಣ್ಣು ತಪ್ಪಿಸುತ್ತದೆ.

ಹಾಗಾಗಿ ಈ ಒಂದು ಹೆಸರನ್ನೇ ಹಿಡಿದುಕೊಂಡು, ಸತ್ಯವೇದದ ಹೀಬ್ರೂ ಹೆಸರೊಂದನ್ನು ನೀವೇ ಕೂತು ಬಿಡಿಸಿ ಓದುವುದು ಹೇಗೆ ಅಂತ ಬರೆಯುತ್ತಿದ್ದೇನೆ. ಮಗುವಿಗೆ ಹೆಸರು ಹುಡುಕುತ್ತಿರುವವರಿಗೆ, ಪಾಠ ಹೇಳುವವರಿಗೆ, ಸುಮ್ನೆ ಕುತೂಹಲ ಇರುವವರಿಗೆ ಕೂಡ ಇದು ಆಗುತ್ತದೆ. ಹೀಬ್ರೂ ಬರಬೇಕಾಗಿಲ್ಲ. ತಾಳ್ಮೆ ಬೇಕು, ಒಂದು ಪೆನ್ನು, ಒಂದು ಹಾಳೆ ಬೇಕು.

ಶುರು ಮಾಡುವ ಮೊದಲೇ ಹಾಳೆಯ ಮೇಲೆ ಮೂರು ಪ್ರಶ್ನೆ ಬರೆದುಕೊಳ್ಳಿ. ಹೆಸರು ಯಾವ ತುಂಡುಗಳಿಂದ ಆಗಿದೆ? ಹೆಸರಿಟ್ಟವರು ಏನು ಹೇಳಿದರು? ಕಥೆ ಆ ಹೆಸರನ್ನು ಮುಂದೆ ಹೇಗೆ ಬಳಸುತ್ತದೆ? ಈ ಮೂರಕ್ಕೂ ಒಂದೇ ಉತ್ತರ ಬರಬೇಕು ಅಂತ ಹಟ ಹಿಡಿಯಬೇಡಿ. ಬರುವುದಿಲ್ಲ.

ಹೆಸರಿಟ್ಟ ಜಾಗವನ್ನು ಮೊದಲು ಹುಡುಕಿ

ಸಮುವೇಲನಿಗೆ ಹೆಸರಿಟ್ಟದ್ದು ಒಂದನೇ ಸಮುವೇಲ ಪುಸ್ತಕದ 1ನೇ ಅಧ್ಯಾಯ, 20ನೇ ವಚನದಲ್ಲಿ. ಅದನ್ನು ಮಾತ್ರ ಓದಿ ಎದ್ದುಬಿಡಬೇಡಿ, ಅಧ್ಯಾಯದ ಮೊದಲಿನಿಂದ ಓದಿ. ಎಫ್ರಾಯೀಮ್ ಬೆಟ್ಟದ ಸೀಮೆಯ ಎಲ್ಕಾನನಿಗೆ ಇಬ್ಬರು ಹೆಂಡತಿಯರು. ಪೆನಿನ್ನಳಿಗೆ ಮಕ್ಕಳಿದ್ದಾರೆ, ಹನ್ನಳಿಗೆ ಇಲ್ಲ. ವರ್ಷ ವರ್ಷ ಎಲ್ಲರೂ ಶೀಲೋವಿಗೆ ಹೋಗಿ ಯಜ್ಞ ಮಾಡಿ ಊಟ ಮಾಡುತ್ತಾರೆ, ಆ ಊಟದ ಹೊತ್ತಿಗೇ ಪೆನಿನ್ನ ಹನ್ನಳನ್ನು ಚುಚ್ಚುತ್ತಾಳೆ. ಇವಳು ಊಟ ಬಿಟ್ಟು ಅಳುತ್ತಾಳೆ. ಒಂದು ವರ್ಷ ಎದ್ದು ಹೋಗಿ ದೇವರ ಮುಂದೆ ನಿಂತು, ಗಂಡು ಮಗು ಕೊಟ್ಟರೆ ಅವನ ಬದುಕೆಲ್ಲ ನಿನಗೇ ಕೊಡುತ್ತೇನೆ ಅಂತ ಹರಕೆ ಹೊರುತ್ತಾಳೆ. ತುಟಿ ಮಾತ್ರ ಅಲುಗುತ್ತದೆ, ದನಿ ಹೊರಗೆ ಬರುವುದಿಲ್ಲ. ಬಾಗಿಲ ಹತ್ತಿರ ಕೂತಿದ್ದ ಯಾಜಕ ಏಲಿ ಅವಳು ಕುಡಿದಿದ್ದಾಳೆ ಅಂದುಕೊಂಡು ಬಯ್ಯುತ್ತಾನೆ. ಅವಳು, ಇಲ್ಲ ಸ್ವಾಮಿ, ಮನಸ್ಸನ್ನು ಸುರಿದುಕೊಳ್ಳುತ್ತಿದ್ದೇನೆ ಅನ್ನುತ್ತಾಳೆ. ಆಮೇಲೆ ಮಗು ಹುಟ್ಟುತ್ತದೆ. ಯೆಹೋವನನ್ನು ಬೇಡಿ ಇವನನ್ನು ಪಡೆದೆ ಅಂತ ಹೇಳಿ ಅವಳೇ ಸಮುವೇಲ ಎಂದು ಹೆಸರಿಡುತ್ತಾಳೆ.

ಬೇರೆ ಹೆಸರುಗಳಿಗೂ ಇದೇ ದಾರಿ. "ಹೆಸರಿಟ್ಟಳು", "ಹೆಸರಿಟ್ಟನು" ಎಂಬ ಮಾತು ಎಲ್ಲಿದೆ ಎಂದು ಹುಡುಕಿ, ಅದರ ಹಿಂದೆ ಮುಂದೆ "ಯಾಕೆಂದರೆ" ಇದೆಯಾ ನೋಡಿ. ತುಂಬ ಕಡೆ ಹೆಸರಿಡುವವಳು ತಾಯಿ, ಅವಳ ಒಂದು ಸಾಲಿನ ಮಾತಿನಲ್ಲಿ ಅವಳ ಬದುಕೇ ಇರುತ್ತದೆ. ಎಲ್ಲ ಹೆಸರಿಗೂ ಇಂಥ ಜಾಗ ಸಿಗುವುದಿಲ್ಲ. ದಾವೀದನಷ್ಟು ದೊಡ್ಡ ಹೆಸರಿಗೂ ಹೆಸರಿಟ್ಟ ಕಥೆ ಇಲ್ಲ. ಇಲ್ಲದಿದ್ದರೆ ಇಲ್ಲ ಅಂತ ಬರೆದುಕೊಂಡು ಮುಂದೆ ಹೋಗಿ, ಹುಟ್ಟಿಸಬೇಡಿ.

ಆಮೇಲೆ ಅಕ್ಷರ

ಇಲ್ಲಿ ಸ್ವಲ್ಪ ನಿಧಾನ ಮಾಡಿ, ಯಾಕೆಂದರೆ ತಪ್ಪುಗಳೆಲ್ಲ ಹುಟ್ಟುವುದು ಇಲ್ಲೇ.

ಹೀಬ್ರೂ ಬರಹದಲ್ಲಿ ಮುಖ್ಯವಾಗಿ ವ್ಯಂಜನಗಳೇ ಇರುತ್ತವೆ. ಸ್ವರದ ಗುರುತುಗಳನ್ನು ಅಕ್ಷರದ ಕೆಳಗೆ ಮೇಲೆ ಚುಕ್ಕಿ ಗೆರೆಗಳಾಗಿ ಸೇರಿಸಿದ್ದು ಬಹಳ ತಡವಾಗಿ, ಮಸೋರೆಟರು ಎಂದು ಕರೆಯುವ ಯಹೂದಿ ಪಂಡಿತರು. ಇವತ್ತು ನಮಗೆ ಪೂರ್ತಿಯಾಗಿ ಸಿಗುವ ಅತಿ ಹಳೆಯ ಹೀಬ್ರೂ ಸತ್ಯವೇದದ ಹಸ್ತಪ್ರತಿ, ಲೆನಿನ್‌ಗ್ರಾಡ್ ಪ್ರತಿ, ಸುಮಾರು 1008ರದು. ಅದರಲ್ಲಿ ಈ ಗುರುತುಗಳಿವೆ. ಅದಕ್ಕೆ ಮೊದಲು ಓದುವವರು ಸ್ವರವನ್ನು ನೆನಪಿನಿಂದ ತುಂಬಿಕೊಳ್ಳುತ್ತಿದ್ದರು. ನಮ್ಮಲ್ಲಿ ಕ, ಮ, ಲ ಎಂಬ ಮೂರು ವ್ಯಂಜನ ಮಾತ್ರ ಬರೆದರೆ ಅದು ಕಮಲವೂ ಆಗಬಹುದು, ಕೋಮಲವೂ ಆಗಬಹುದು ಅಲ್ವಾ, ಹಾಗೆ.

ಮಾತುಗಳು ಸಾಮಾನ್ಯವಾಗಿ ಮೂರು ವ್ಯಂಜನದ ಒಂದು ಧಾತುವಿನಿಂದ ಬೆಳೆಯುತ್ತವೆ. ಶಿನ್, ಆಲೆಫ್, ಲಾಮೆದ್ ಎಂಬ ಮೂರು ಅಕ್ಷರ ತೆಗೆದುಕೊಳ್ಳಿ. ಶಾಅಲ್ ಎಂದರೆ ಅವನು ಕೇಳಿದ, ಬೇಡಿದ. ಶೆಏಲಾ ಎಂದರೆ ಕೋರಿಕೆ. ಶಾಊಲ್ ಎಂದರೆ ಕೇಳಿ ಪಡೆದವನು. ಮೂಳೆ ಒಂದೇ, ಮೈ ಬೇರೆ. ಅದಕ್ಕೇ ಹೆಸರಿನ ಅರ್ಥ ನೋಡುವಾಗ ಕಿವಿಗೆ ಹೇಗೆ ಕೇಳಿಸುತ್ತದೆ ಎನ್ನುವುದಕ್ಕಿಂತ ಮೂಳೆ ಯಾವುದು ಎನ್ನುವುದು ಮುಖ್ಯ.

ಈಗ ನಮ್ಮ ಕಷ್ಟ. ಹೀಬ್ರೂವಿನಲ್ಲಿ ಆಲೆಫ್ ಅಂತ ಒಂದು ಅಕ್ಷರ, ಆಯಿನ್ ಅಂತ ಇನ್ನೊಂದು. ಆಲೆಫ್ ಗಂಟಲಲ್ಲಿ ಒಂದು ಸಣ್ಣ ತಡೆ, ಆಯಿನ್ ಗಂಟಲಿನ ಇನ್ನೂ ಆಳದಿಂದ ಬರುತ್ತಿದ್ದ ಸದ್ದು. ಎರಡೂ ವ್ಯಂಜನಗಳು. ಕನ್ನಡಕ್ಕೆ ಬರುವಾಗ ಎರಡೂ ಮಾಯವಾಗಿ ಬರಿಯ ಸ್ವರ ಉಳಿಯುತ್ತದೆ. ಇದರ ತೂಕ ಗೊತ್ತಾಗಬೇಕಾದರೆ ನಮ್ಮದೇ ಮಾತು ನೋಡಿ. ಬೆಲೆ, ಬೆಳೆ, ಬೇಳೆ ಈ ಮೂರನ್ನೂ ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡಿದರೆ ಒಂದೇ ರೀತಿ ಬರುತ್ತದೆ. ಕನ್ನಡ ಬಾರದವನೊಬ್ಬ ಅದನ್ನು ನೋಡಿ, ಬೆಳೆಗೂ ಬೇಳೆಗೂ ಒಂದೇ ಮೂಲ ಅಂದುಬಿಟ್ಟರೆ ನಾವು ಒಪ್ಪುತ್ತೇವಾ? ಕನ್ನಡ ಸತ್ಯವೇದದ ಕಾಗುಣಿತ ಮಾತ್ರ ನೋಡಿ ಹೀಬ್ರೂ ಹೆಸರಿನ ಅರ್ಥ ಹೇಳುವುದೂ ಹಾಗೆಯೇ.

ಕಾಗುಣಿತದ ವಿಷಯದಲ್ಲಿ ಇನ್ನೊಂದು ಮಾತು. ಹೀಬ್ರೂವಿನಲ್ಲಿ ಈ ಹೆಸರು ಶೆಮುಏಲ್, ಶ ಕಾರದಿಂದ ಶುರು. ಗ್ರೀಕ್ ಭಾಷೆಯಲ್ಲಿ ಶ ಇಲ್ಲ, ಅಲ್ಲಿ ಸ ಆಯಿತು, ಆ ದಾರಿಯಲ್ಲೇ ಯುರೋಪಿನ ಭಾಷೆಗಳಿಗೆ ಹೋಯಿತು, ನಮ್ಮಲ್ಲೂ ಸಮುವೇಲ ಎಂದೇ ನಿಂತಿತು. ಇಸ್ರಾಯೇಲಿನ ಮೊದಲ ರಾಜ ಶಾಊಲ್ ಕನ್ನಡದಲ್ಲಿ ಸೌಲ ಆದ. ಆದರೆ ಮೋಶೆ, ಯೆಶಾಯ, ಯೆಹೋಶುವ ಎಂಬಲ್ಲಿ ಕನ್ನಡ ಸತ್ಯವೇದ ಶ ಉಳಿಸಿಕೊಂಡಿದೆ. ಆದ್ದರಿಂದ ಸ ಕಂಡರೆ ಅದು ಮೂಲದಲ್ಲಿ ಶ ಇರಬಹುದಾ ಅಂತ ಒಮ್ಮೆ ನೋಡಿಬಿಡಿ.

ನೋಡುವುದು ಎಲ್ಲಿ? ಬ್ಲೂ ಲೆಟರ್ ಬೈಬಲ್ ತರಹದ ಉಚಿತ ತಾಣಗಳಲ್ಲಿ ವಚನ ತೆರೆದು ಹೆಸರಿನ ಮೇಲೆ ಒತ್ತಿದರೆ ಮೂಲ ಅಕ್ಷರಗಳು ಮತ್ತು ಒಂದು ಸಂಖ್ಯೆ ಬರುತ್ತದೆ. ಇದು ಸ್ಟ್ರಾಂಗ್ ಸಂಖ್ಯೆ. ಜೇಮ್ಸ್ ಸ್ಟ್ರಾಂಗ್ ಎಂಬವರು 1890ರಲ್ಲಿ ಹೊರತಂದ ಪದಸೂಚಿಯಲ್ಲಿ ಪ್ರತಿ ಹೀಬ್ರೂ ಮಾತಿಗೂ ಒಂದು ನಂಬರ್ ಕೊಟ್ಟರು, ಅದು ಇವತ್ತಿಗೂ ನಡೆಯುತ್ತಿದೆ. ನಮಗೆ ಬೇಕಾದವು ಇಷ್ಟು: ಸಮುವೇಲ 8050, ಹೆಸರು ಎಂಬ ಅರ್ಥದ "ಶೇಮ್" 8034, ಕಿವಿಯಿಂದ ಕೇಳುವ "ಶಾಮಾ" 8085, ಬೇಡಿ ಕೇಳುವ "ಶಾಅಲ್" 7592, ಸೌಲ 7586, ದೇವರು ಎಂಬ "ಎಲ್" 410. ಇವನ್ನು ಹಾಳೆಯ ಮೇಲೆ ಇಳಿಸಿಕೊಂಡು ಅಕ್ಷರಗಳನ್ನು ಪಕ್ಕಪಕ್ಕ ಬರೆಯಿರಿ. ಹೀಬ್ರೂ ಅಕ್ಷರ ಬರೆಯಲು ಕಷ್ಟವಾದರೆ ಅಕ್ಷರದ ಹೆಸರು ಬರೆದರೂ ಸಾಕು.

ಸಮುವೇಲ: ಶಿನ್, ಮೇಮ್, ವಾವ್, ಆಲೆಫ್, ಲಾಮೆದ್.

ಕಿವಿಯ ಕೇಳು: ಶಿನ್, ಮೇಮ್, ಆಯಿನ್.

ಬಾಯಿಯ ಕೇಳು: ಶಿನ್, ಆಲೆಫ್, ಲಾಮೆದ್.

ಸೌಲ: ಶಿನ್, ಆಲೆಫ್, ವಾವ್, ಲಾಮೆದ್.

ಒಂದು ನಿಮಿಷ ಸುಮ್ಮನೆ ನೋಡಿ. ಸಮುವೇಲನ ಹೆಸರಿನಲ್ಲಿ ಆಯಿನ್ ಇಲ್ಲ. "ದೇವರು ಕೇಳಿದನು" ಎಂಬ ಅರ್ಥ ಬರಬೇಕಾದರೆ ಆಯಿನ್ ಇರಬೇಕಿತ್ತು. ಅದು ಇರುವ ಹೆಸರು ಬೇರೆಯೇ ಇದೆ, ಇಷ್ಮಾಯೇಲ. ಆದಿಕಾಂಡ 16:11ರಲ್ಲಿ ದೇವದೂತ ಹಾಗರಳಿಗೆ, ಯೆಹೋವನು ನಿನ್ನ ಕಷ್ಟದ ಮೊರೆ ಕೇಳಿದ್ದಾನೆ, ಅದಕ್ಕೆ ಮಗನಿಗೆ ಈ ಹೆಸರಿಡು ಅನ್ನುತ್ತಾನೆ. ಅಲ್ಲಿ ಹೆಸರಿನ ಅಕ್ಷರವೂ ಕಾರಣದ ಅಕ್ಷರವೂ ಸರಿಯಾಗಿ ಕೂಡುತ್ತವೆ. ನಮ್ಮ ಊರುಗಳಲ್ಲಿ ಇಸ್ಮಾಯಿಲ್ ಎಂದು ಕರೆಯುವ ಹೆಸರು ಇದೇ. ಲೇಯಳ ಮಗ ಸಿಮೆಯೋನನ ಹೆಸರಿನಲ್ಲೂ ಅದೇ ಕಿವಿಯ ಕೇಳು ಇದೆ, ಆದಿಕಾಂಡ 29:33.

ಹಾಗಿದ್ದರೆ ಸಮುವೇಲನಿಗೆ ಆ ಅರ್ಥ ಎಲ್ಲಿಂದ ಬಂತು? ಸ್ಟ್ರಾಂಗ್ ಅವರ ಪಟ್ಟಿಯೇ 8050ಕ್ಕೆ ಶಾಮಾ ಧಾತು ಹಿಡಿದು ಹಾಗೆ ಅರ್ಥ ಕೊಡುತ್ತದೆ, ಆಯಿನ್ ಬಿದ್ದುಹೋಗಿದೆ ಎಂದುಕೊಂಡು. ಹೆಸರಿನ ಪುಸ್ತಕಗಳು, ಶುಭಾಶಯದ ಚಿತ್ರಗಳು ಎಲ್ಲ ಅದನ್ನೇ ಹೇಳುತ್ತಾ ಬಂದಿವೆ. ಅದರಿಂದ ನಾನು ಹೇಳುವುದು ಇಷ್ಟೇ, ನಿಘಂಟು ಕೊಡುವ ಒಂದು ಸಾಲಿನ ಅರ್ಥವನ್ನು ಎತ್ತಿಕೊಳ್ಳುವ ಮೊದಲು ಅಕ್ಷರಗಳನ್ನು ನಿಮ್ಮ ಕಣ್ಣಿಂದಲೇ ಎಣಿಸಿ.

ಹೆಸರನ್ನು ತುಂಡು ಮಾಡುವುದು

ಹೀಬ್ರೂ ಹೆಸರುಗಳಲ್ಲಿ ಬಹಳಷ್ಟು ಒಂದು ಪುಟ್ಟ ವಾಕ್ಯದ ಹಾಗೆ ಇರುತ್ತವೆ, ಅದರಲ್ಲಿ ಒಂದು ತುಂಡು ದೇವರದು. ಕೊನೆಯಲ್ಲಿ "ಏಲ್" ಬಂದರೆ, ಮೊದಲಲ್ಲಿ "ಎಲ್" ಬಂದರೆ, ದೇವರು. "ಯಾಹು", "ಯೆಹೋ", "ಯೋ" ಬಂದರೆ ಯೆಹೋವ. ದಾನಿಯೇಲ ಎಂದರೆ ದೇವರು ನನ್ನ ನ್ಯಾಯಾಧಿಪತಿ. ಯೋನಾತಾನ ಎಂದರೆ ಯೆಹೋವನು ಕೊಟ್ಟನು. ಎಲೀಯ, ಹೀಬ್ರೂವಿನಲ್ಲಿ ಎಲಿಯಾಹು, ಎಂದರೆ ನನ್ನ ದೇವರು ಯೆಹೋವ, ಎರಡೂ ತುಂಡು ದೇವರದೇ. ಮೊದಲು ಈ ತುಂಡನ್ನು ಗುರುತಿಸಿ ಪಕ್ಕಕ್ಕಿಡಿ, ಉಳಿದದ್ದರ ಧಾತು ಹುಡುಕಿ.

ಶೆಮುಏಲ್‌ನಿಂದ ಏಲ್ ತೆಗೆದರೆ ಉಳಿಯುವುದು "ಶೆಮು". ಶೇಮ್ ಎಂದರೆ ಹೆಸರು. ನಡುವಿನ ಉಕಾರಕ್ಕೆ ಎರಡು ವಿವರಣೆ ಇದೆ. ಒಂದು, ಅದು ಹಳೆಯ ವಿಭಕ್ತಿ ಪ್ರತ್ಯಯದ ಉಳಿಕೆ, ಆಗ ಅರ್ಥ "ದೇವರ ಹೆಸರು". ಇನ್ನೊಂದು, ಅದು "ಅವನ" ಎಂಬುದು, ಆಗ ಅರ್ಥ "ಅವನ ಹೆಸರು ಎಲ್". ಮೊದಲನೆಯದಕ್ಕೆ ಒಳ್ಳೆಯ ಜೋಡಿ ಆದಿಕಾಂಡ 32ರಲ್ಲೇ ಇದೆ. ಯಾಕೋಬ ದೇವರ ಜೊತೆ ಹೋರಾಡಿದ ಜಾಗಕ್ಕೆ 30ನೇ ವಚನದಲ್ಲಿ ಪೆನಿಯೇಲ್, 31ರಲ್ಲಿ ಪೆನುಏಲ್ ಎಂದಿದೆ, ದೇವರ ಮುಖ ಎಂಬ ಅರ್ಥ. ಪೆನುಏಲ್ ಹೇಗೋ ಶೆಮುಏಲ್ ಹಾಗೆ. ಭಾಷೆಯ ದೃಷ್ಟಿಯಿಂದ ನೋಡುವ ವಿದ್ವಾಂಸರು ಹೆಚ್ಚಾಗಿ ಈ ಕಡೆಗೇ ವಾಲುತ್ತಾರೆ. ನನಗೂ ಇದೇ ಸರಿ ಅನಿಸುತ್ತದೆ. ಅರಣ್ಯಕಾಂಡ 34:20ರಲ್ಲಿ ಸಿಮೆಯೋನನ ಕುಲದ ಒಬ್ಬನಿಗೂ ಇದೇ ಹೆಸರಿದೆ. ಅಂದರೆ ಇದು ಹನ್ನ ಹೊಸದಾಗಿ ಕಟ್ಟಿದ ಮಾತಲ್ಲ, ಆ ಜನರ ನಡುವೆ ಇದ್ದ ಹೆಸರೇ.

ಅಮ್ಮ ಹೇಳಿದ್ದು ಬೇರೆ

ಇಲ್ಲಿಗೆ ಎರಡನೇ ಪ್ರಶ್ನೆ. ಹೆಸರಿನ ತುಂಡುಗಳು ಹೇಳುವುದು "ದೇವರ ಹೆಸರು". ಹನ್ನ ಹೇಳುವುದು "ಬೇಡಿ ಪಡೆದೆ". ಅವಳ ಮಾತಿನಲ್ಲಿ ಇರುವುದು ಬಾಯಿಯ ಕೇಳು, ಶಾಅಲ್. ಅಕ್ಷರ ಕೂಡುತ್ತಾ? ಶಿನ್, ಆಲೆಫ್, ಲಾಮೆದ್ ಮೂರೂ ಸಮುವೇಲನ ಹೆಸರಿನಲ್ಲಿ ಇವೆ, ಆದರೆ ನಡುವೆ ಮೇಮ್ ಮತ್ತು ವಾವ್ ಬಂದು ಕೂತಿವೆ. ಪೂರ್ತಿ ಕೂಡುವುದಿಲ್ಲ. ಸುಮಾರು 1200ರ ಕಾಲದಲ್ಲಿ ಬದುಕಿದ್ದ ದಾವೀದ್ ಕಿಮ್ಹಿ ಎಂಬ ಯಹೂದಿ ವ್ಯಾಕರಣ ಪಂಡಿತರು ಇದನ್ನು ಕೂಡಿಸಲು "ಶಾಊಲ್ ಮೇಎಲ್", ದೇವರಿಂದ ಕೇಳಿ ಪಡೆದವನು, ಎಂಬುದೇ ಸವೆದು ಶೆಮುಏಲ್ ಆಯಿತು ಎಂದು ವಿವರಿಸಿದರು. ಚೆಂದದ ವಿವರಣೆ. ಆದರೆ ಹೀಬ್ರೂ ಹೆಸರುಗಳು ಸಾಮಾನ್ಯವಾಗಿ ಹಾಗೆ ಸವೆಯುವುದಿಲ್ಲ.

ಇದನ್ನು ತಪ್ಪು ಅಂತ ಎತ್ತಿ ಆಡಬೇಡಿ. ತಾಯಿ ಅಲ್ಲಿ ನಿಘಂಟು ಬರೆಯುತ್ತಿಲ್ಲ. ನಮ್ಮಲ್ಲೇ ನೋಡಿ. ಮಕ್ಕಳು ಹುಟ್ಟಿ ಹುಟ್ಟಿ ಉಳಿಯದ ಮನೆಯಲ್ಲಿ ಕೂಸನ್ನು ತಿಪ್ಪೆಯ ಮೇಲೆ ಮಲಗಿಸಿ ಎತ್ತಿಕೊಂಡು ತಿಪ್ಪಣ್ಣ, ತಿಪ್ಪಮ್ಮ ಎಂದು ಹೆಸರಿಡುವ ಪದ್ಧತಿ ಇತ್ತು. ಮಾತಿನ ಅರ್ಥ ಕೇಳಿದರೆ ತಿಪ್ಪೆ, ಅಷ್ಟೇ. ಹೆಸರಿಟ್ಟ ತಾಯಿಯನ್ನು ಕೇಳಿದರೆ, ಈ ಮಗುವಾದರೂ ಬದುಕಲಿ ಅಂತ ಇಟ್ಟೆ ಅನ್ನುತ್ತಾಳೆ. ಎರಡರಲ್ಲಿ ಯಾವುದು ನಿಜವಾದ ಅರ್ಥ? ಎರಡೂ ನಿಜ, ಎರಡೂ ಬೇರೆ ಪ್ರಶ್ನೆಗೆ ಉತ್ತರ. ಹನ್ನಳ ಮಾತನ್ನೂ ಹಾಗೆ ಓದಿ. ಹೀಬ್ರೂ ಕಥೆಗಾರರಿಗೆ ಹೆಸರಿನ ಸದ್ದು ಕಿವಿಗೆ ಹತ್ತಿರ ಬಂದರೆ ಸಾಕಾಗಿತ್ತು. ನೋಹನ ಹೆಸರಿನ ಮೂಳೆ ವಿಶ್ರಾಂತಿ ಎಂಬ ಧಾತು, ಆದರೆ ಆದಿಕಾಂಡ 5:29ರಲ್ಲಿ ಅವನ ಅಪ್ಪ ಹೇಳುವ ಕಾರಣದಲ್ಲಿರುವುದು ಸಂತೈಸುವುದು ಎಂಬ ಬೇರೆ ಧಾತು. ಇಂಥವು ತುಂಬ ಸಿಗುತ್ತವೆ.

ಈಗ ಒಂದನೇ ಸಮುವೇಲದ ಆ 1ನೇ ಅಧ್ಯಾಯವನ್ನು ಪೆನ್ನು ಹಿಡಿದು ಇನ್ನೊಮ್ಮೆ ಓದಿ. ಮೂಲದಲ್ಲಿ 7592, ಅಂದರೆ ಶಾಅಲ್, ಬಂದಲ್ಲೆಲ್ಲ ಗೆರೆ ಎಳೆಯಿರಿ. ಧಾತುವಿನಿಂದ ಹುಟ್ಟಿದ ನಾಮಪದಕ್ಕೆ ನಂಬರ್ ಬೇರೆ ಇರುತ್ತದೆ, ಅದನ್ನೂ ಸೇರಿಸಿಕೊಳ್ಳಿ. 17ನೇ ವಚನದಲ್ಲಿ ಏಲಿ, ನೀನು ಕೇಳಿದ ಕೋರಿಕೆಯನ್ನು ದೇವರು ಕೊಡಲಿ ಅನ್ನುತ್ತಾನೆ, ಅಲ್ಲಿ ಎರಡು. 20ರಲ್ಲಿ ಹೆಸರಿಡುವಾಗ ಒಂದು. 27ರಲ್ಲಿ ಮಗುವನ್ನು ಶೀಲೋವಿಗೆ ತಂದು ಬಿಡುವಾಗ, ನಾನು ಕೇಳಿದ ಕೋರಿಕೆ ಸಿಕ್ಕಿತು ಅನ್ನುತ್ತಾಳೆ, ಎರಡು. 28ರಲ್ಲಿ ಇನ್ನೆರಡು. ಒಟ್ಟು ಏಳು. ಒಂದೇ ಅಧ್ಯಾಯದಲ್ಲಿ ಒಂದೇ ಧಾತು ಏಳು ಸಲ ಸುಮ್ಮನೆ ಬರುವುದಿಲ್ಲ.

28ನೇ ವಚನವನ್ನು ಮಾತ್ರ ಬಿಡಬೇಡಿ. ಹನ್ನ ಅಲ್ಲಿ ಇದೇ ಧಾತುವನ್ನು ತಿರುಗಿಸಿ ಹಿಡಿಯುತ್ತಾಳೆ. ಅವಳು ಬಳಸುವ ರೂಪಕ್ಕೆ "ಕೇಳಿದವರಿಗೆ ಕೊಡು" ಎಂಬ ಅರ್ಥ, ನಾವು ಅಕ್ಕಪಕ್ಕದವರಿಗೆ ಕಡ ಕೊಡುತ್ತೇವಲ್ಲ, ಹಾಗೆ. ನಾನು ಕೇಳಿ ಪಡೆದವನನ್ನು, ಯಾರನ್ನು ಕೇಳಿದೆನೋ ಅವನಿಗೇ ಕೊಡುತ್ತಿದ್ದೇನೆ ಎಂಬಂಥ ಮಾತು. ಆಮೇಲೆ ಹೇಳುತ್ತಾಳೆ, ಬದುಕಿರುವವರೆಗೂ ಇವನು ಯೆಹೋವನಿಗೆ "ಶಾಊಲ್". ಓದಿ ನೋಡಿ, ಅದು ಸೌಲನ ಹೆಸರು, ಅಕ್ಷರ ಅಕ್ಷರವೂ ಅದೇ. ಇಸ್ರಾಯೇಲಿನ ಮೊದಲ ರಾಜನ ಹೆಸರು ಅವನು ಕಥೆಯೊಳಗೆ ಬರುವುದಕ್ಕೆ ಎಂಟು ಅಧ್ಯಾಯ ಮೊದಲೇ ಹನ್ನಳ ಬಾಯಲ್ಲಿ ಬಂದುಬಿಟ್ಟಿದೆ.

ಇದನ್ನು ನೋಡಿ ಕೆಲವು ವಿದ್ವಾಂಸರು, ಈ ಹುಟ್ಟಿನ ಕಥೆ ಮೊದಲು ಸೌಲನದೇ ಇದ್ದಿರಬೇಕು, ಆಮೇಲೆ ಸಮುವೇಲನಿಗೆ ಬಂತು ಅನ್ನುತ್ತಾರೆ. ಇನ್ನು ಕೆಲವರು, ಇಲ್ಲ, ಬರೆದವರು ಬೇಕೆಂದೇ ಈ ಬೀಜ ಬಿತ್ತಿದ್ದಾರೆ ಅನ್ನುತ್ತಾರೆ. ನಾನು ಎರಡನೆಯವರ ಜೊತೆ, ಯಾಕೆಂದರೆ ಮುಂದಿನ ಕಥೆ ಆ ಬೀಜಕ್ಕೆ ನೀರು ಹಾಕುತ್ತಲೇ ಹೋಗುತ್ತದೆ.

ಹೆಸರನ್ನು ಕಥೆಯ ಕೊನೆಯವರೆಗೂ ಹಿಂಬಾಲಿಸಿ

ಹೆಸರಿನ ಅರ್ಥ ಹುಡುಕುವವರು ಇಷ್ಟು ದೂರ ಬರುವುದು ಕಡಿಮೆ. ಆದರೆ ನನಗೆ ಜಾಸ್ತಿ ಸಂತೋಷ ಸಿಗುವುದು ಇಲ್ಲೇ. ವ್ಯಕ್ತಿಯ ಬದುಕಿನ ಮುಖ್ಯ ದೃಶ್ಯಗಳನ್ನು ಆರಿಸಿ, ಅಲ್ಲಿ ಹೆಸರಿನ ಧಾತುಗಳು ಮತ್ತೆ ಬರುತ್ತವಾ ನೋಡಿ.

ಜನ ಸಮುವೇಲನ ಹತ್ತಿರ ಬಂದು ನಮಗೂ ರಾಜ ಬೇಕು ಅನ್ನುತ್ತಾರೆ. ಒಂದನೇ ಸಮುವೇಲ 8:10ರಲ್ಲಿ ಅವರನ್ನು "ರಾಜನನ್ನು ಕೇಳುತ್ತಿದ್ದ ಜನ" ಎಂದು ಕರೆಯುವಾಗ ಬಳಸಿದ್ದು ಶಾಅಲ್. ಒಬ್ಬ ಹೆಂಗಸು ಅತ್ತು ಕೇಳಿದ್ದಕ್ಕೆ ಸಿಕ್ಕವನು ಸಮುವೇಲ, ಒಂದು ಜನಾಂಗ ಹಟ ಮಾಡಿ ಕೇಳಿದ್ದಕ್ಕೆ ಸಿಕ್ಕವನು ಸೌಲ. 28ನೇ ಅಧ್ಯಾಯಕ್ಕೆ ಬನ್ನಿ. ಫಿಲಿಷ್ಟಿಯರ ಸೈನ್ಯ ನೋಡಿ ಸೌಲನ ಎದೆ ನಡುಗುತ್ತದೆ, 6ನೇ ವಚನದಲ್ಲಿ ಅವನು ಯೆಹೋವನನ್ನು ಕೇಳುತ್ತಾನೆ, ಉತ್ತರ ಬರುವುದಿಲ್ಲ. ಹೀಬ್ರೂವಿನಲ್ಲಿ ಅದು "ವಯ್ಯಿಶ್‌ಅಲ್ ಶಾಊಲ್". ಕೇಳಿ ಪಡೆದವನು ಕೇಳಿದ, ಏನೂ ಸಿಗಲಿಲ್ಲ. ಆಮೇಲೆ ಅವನು ವೇಷ ಮರೆಸಿಕೊಂಡು ರಾತ್ರಿ ಹೋಗಿ ಸತ್ತ ಸಮುವೇಲನನ್ನು ಎಬ್ಬಿಸುತ್ತಾನೆ. ಸಮುವೇಲ 16ನೇ ವಚನದಲ್ಲಿ, ನನ್ನನ್ನು ಯಾಕೆ ಕೇಳುತ್ತೀ ಅನ್ನುತ್ತಾನೆ. ಅದೂ ಶಾಅಲ್. ಹನ್ನಳ ಏಳು ಕೇಳುಗಳನ್ನು ಎಣಿಸಿದವರಿಗೆ ಈ ಸಾಲು ಓದುವಾಗ ಗಂಟಲು ಕಟ್ಟುತ್ತದೆ.

ಕಿವಿಯ ಕೇಳು ಎಲ್ಲಿ ಹೋಯಿತು? ಅದೂ ಇದೆ, ಹೆಸರಿನ ಮೂಳೆಯಲ್ಲಿ ಇಲ್ಲದಿದ್ದರೂ ಅವನ ಬದುಕಿನಲ್ಲಿ. 1:13ರಲ್ಲಿ ಹನ್ನಳ ದನಿ "ಕೇಳಿಸಲಿಲ್ಲ" ಎಂಬಲ್ಲಿ ಶಾಮಾ ಇದೆ. ಪಕ್ಕದಲ್ಲೇ ಕೂತಿದ್ದ ಏಲಿಗೆ ಕೇಳಿಸಲಿಲ್ಲ. ದೇವರು ಕೇಳಿದ ಎಂದು ಕಥೆ ಬಾಯಿಬಿಟ್ಟು ಹೇಳುವುದೂ ಇಲ್ಲ, 19ರಲ್ಲಿ ಯೆಹೋವನು ಅವಳನ್ನು ನೆನಪು ಮಾಡಿಕೊಂಡನು ಎನ್ನುತ್ತದೆ. 3ನೇ ಅಧ್ಯಾಯದಲ್ಲಿ ರಾತ್ರಿ ದೇವರು ಹುಡುಗನನ್ನು ಹೆಸರು ಹಿಡಿದು ಕರೆಯುತ್ತಾನೆ, ಕೊನೆಗೆ ಅವನು, ಹೇಳು, ನಿನ್ನ ದಾಸ ಕೇಳುತ್ತಿದ್ದಾನೆ ಅನ್ನುತ್ತಾನೆ. "ಶೋಮೇಆ", ಕಿವಿಯ ಕೇಳು. 8ನೇ ಅಧ್ಯಾಯದಲ್ಲಿ ದೇವರು ಅವನಿಗೆ, ಜನರ ಮಾತು ಕೇಳು ಎಂದು ಮತ್ತೆ ಮತ್ತೆ ಹೇಳುತ್ತಾನೆ. 15:22ರಲ್ಲಿ ಮುದುಕನಾದ ಸಮುವೇಲ ಸೌಲನಿಗೆ, ಯಜ್ಞಕ್ಕಿಂತ ಮಾತು ಕೇಳುವುದು ಮೇಲು ಎನ್ನುತ್ತಾನೆ. ಜನ ಅವನ ಹೆಸರಿನಲ್ಲಿ "ಕೇಳುವುದು" ಎಂಬ ಅರ್ಥ ಹುಡುಕಿದ್ದು ಸುಮ್ಮನೆ ಅಲ್ಲ. ಅವರ ಕಿವಿಗೆ ಕಥೆಯೇ ಅದನ್ನು ಹಾಕಿತ್ತು. ಆ ಅರ್ಥ ಹೆಸರಿನ ಧಾತು ಅಲ್ಲ ಎಂದು ಗೊತ್ತಿದ್ದುಕೊಂಡೇ ಈ ಆಟವನ್ನು ಸವಿಯಬಹುದು. ಇಲ್ಲಿ ನಮ್ಮ ಕನ್ನಡ ನಮಗೆ ಒಂದು ಉಪಕಾರ ಮಾಡುತ್ತದೆ: ಹನ್ನ ಕೇಳಿದಳು, ಏಲಿಗೆ ಕೇಳಿಸಲಿಲ್ಲ, ಹುಡುಗ ಕೇಳಿದ, ಜನ ಕೇಳಿದರು, ಸೌಲ ಕೇಳಲಿಲ್ಲ, ಸೌಲ ಕೇಳಿದ. ಎಲ್ಲವೂ ಒಂದೇ ಮಾತಿನಲ್ಲಿ ಕೂರುತ್ತವೆ. ಪಾಠ ಹೇಳುವವರು ಇದನ್ನು ಧಾರಾಳವಾಗಿ ಬಳಸಿಕೊಳ್ಳಿ, ಆದರೆ ಯಾವುದು ಬಾಯಿಯದು, ಯಾವುದು ಕಿವಿಯದು ಎಂದು ಪಕ್ಕದಲ್ಲಿ ಬರೆದಿಟ್ಟುಕೊಳ್ಳಿ.

ಸುತ್ತಲಿನ ಹೆಸರುಗಳ ಮೇಲೂ ಒಂದು ಕಣ್ಣಿರಲಿ. ಹನ್ನ ಎಂಬ ಹೆಸರಿನ ಧಾತುವಿಗೆ ದಯೆ, ಕೃಪೆ ಎಂಬ ಅರ್ಥ. 1:18ರಲ್ಲಿ ಅವಳು ಏಲಿಗೆ, ನಿಮ್ಮ ದಾಸಿಗೆ ನಿಮ್ಮ ಕಣ್ಣಲ್ಲಿ "ಹೇನ್" ಸಿಗಲಿ ಅನ್ನುತ್ತಾಳೆ. ಹೇನ್ ಎಂದರೆ ದಯೆ. ತನ್ನ ಹೆಸರನ್ನೇ ಬೇಡಿಕೊಳ್ಳುತ್ತಿದ್ದಾಳೆ. ಇದು ಯಾವ ಹೆಸರಿನ ಪುಸ್ತಕದಲ್ಲೂ ನನಗೆ ಸಿಕ್ಕಿಲ್ಲ, ಅಕ್ಷರ ನೋಡುತ್ತಾ ಕೂತಾಗ ಸಿಕ್ಕಿತು.

ಜಾರಬಹುದಾದ ಕಡೆಗಳು

ಹೀಬ್ರೂ ಬರಹದಲ್ಲಿ ಇರುವ ಹೆಸರೆಲ್ಲ ಹೀಬ್ರೂ ಅಲ್ಲ. ವಿಮೋಚನಕಾಂಡ 2:10ರಲ್ಲಿ ಫರೋಹನ ಮಗಳು, ನೀರಿನಿಂದ ಎಳೆದುಕೊಂಡೆ ಎಂದು ಮೋಶೆಯ ಹೆಸರಿಗೆ ಹೀಬ್ರೂ ಕಾರಣ ಹೇಳುತ್ತಾಳೆ, ಆದರೆ ಆ ಹೆಸರಿನ ಹಿಂದೆ "ಹುಟ್ಟಿದವನು" ಎಂಬ ಈಜಿಪ್ಟಿನ ಮಾತಿದೆ ಎಂದು ಹೆಚ್ಚಿನ ವಿದ್ವಾಂಸರು ಒಪ್ಪುತ್ತಾರೆ, ಥಟ್ಮೋಸ್ ಎಂಬ ರಾಜರ ಹೆಸರಿನಲ್ಲಿ ಇರುವುದೂ ಅದೇ. ಮೊರ್ದೆಕೈ ಎಂಬುದರಲ್ಲಿ ಬಾಬಿಲೋನಿನ ದೇವರು ಮರ್ದುಕನ ಹೆಸರಿದೆ.

ಸದ್ದು ಹೋಲುತ್ತದೆ ಎಂದು ಸಂಸ್ಕೃತಕ್ಕೋ ಕನ್ನಡಕ್ಕೋ ಗಂಟು ಹಾಕಬೇಡಿ. ಅಬ್ರಹಾಮ, ಬ್ರಹ್ಮ ಎಂದು ಪಕ್ಕಪಕ್ಕ ಬರೆದು ಹಂಚುವ ಸಂದೇಶಗಳು ಎಷ್ಟು ಬರುತ್ತವೆ! ಧಾತು ತೋರಿಸದೆ ಸದ್ದು ಮಾತ್ರ ತೋರಿಸಿದರೆ ಅಲ್ಲಿಗೇ ನಿಲ್ಲಿಸಿ.

ಹೆಸರಿನಿಂದ ಗುಣ ಹೇಳುವುದೂ ಬೇಡ. ಒಂದನೇ ಸಮುವೇಲ 25:25ರಲ್ಲಿ ಅಬೀಗೈಲ್ ತನ್ನ ಗಂಡ ನಾಬಾಲನ ಬಗ್ಗೆ, ಹೆಸರು ಹೇಗೋ ಅವನೂ ಹಾಗೆಯೇ, ಮೂರ್ಖ ಎನ್ನುತ್ತಾಳೆ. ಅದು ಆ ಕಥೆಯಲ್ಲಿ ಆ ಹೆಂಡತಿ ಆ ಹೊತ್ತಿನಲ್ಲಿ ಹೇಳಿದ ಮಾತು. ಪಕ್ಕದ ಮನೆಯ ಮಗುವಿನ ಭವಿಷ್ಯಕ್ಕೆ ಅದು ಅಳತೆಗೋಲು ಆಗುವುದಿಲ್ಲ.

ಕಾರ್ಡಿನಲ್ಲಿ ಏನು ಬರೆಯುವುದು?

ಇದು ನನಗೆ ಪದೇ ಪದೇ ಬರುವ ಪ್ರಶ್ನೆ. ಮಗುವಿಗೆ ಸಮುವೇಲ ಎಂದು ಹೆಸರಿಡುತ್ತಿದ್ದೇವೆ, ದೀಕ್ಷಾಸ್ನಾನದ ಆಮಂತ್ರಣದಲ್ಲಿ ಅರ್ಥ ಹಾಕಬೇಕು, ಒಂದೇ ಸಾಲು ಜಾಗ ಇದೆ. "ದೇವರ ಹೆಸರು ಹೊತ್ತವನು, ಬೇಡಿ ಪಡೆದವನು" ಎಂದು ಹಾಕಿ ಅನ್ನುತ್ತೇನೆ. ಮೊದಲರ್ಧ ಹೆಸರಿನ ತುಂಡುಗಳಿಂದ, ಎರಡನೆಯ ಅರ್ಧ ಹನ್ನಳ ಬಾಯಿಂದ. "ದೇವರು ಕೇಳಿದನು" ಎಂದು ಈಗಾಗಲೇ ಅಚ್ಚು ಹಾಕಿಸಿದ್ದರೆ ಹೊಸದಾಗಿ ಮಾಡಿಸುವುದೇನೂ ಬೇಡ. ಮಗು ದೊಡ್ಡದಾದ ಮೇಲೆ ಕಥೆ ಹೇಳುವಾಗ, ಅಮ್ಮ ಕೇಳಿದಳು, ದೇವರು ಕೇಳಿಸಿಕೊಂಡ ಎಂದು ಬಿಡಿಸಿ ಹೇಳಿ. ಬಾಯಿಗೆ "ಕೇಳು", ಕಿವಿಗೆ "ಕೇಳಿಸಿಕೋ" ಎಂದು ಬೇರೆ ಮಾಡಿಬಿಟ್ಟರೆ ಮುಂದಿನ ಸಾಲಿನ ಹುಡುಗಿಗೂ ಗೊಂದಲ ಇರುವುದಿಲ್ಲ. ಅವಳಿಗೆ ಮುಂದಿನ ವಾರ ನಾನು ಹೇಳಿದ್ದೂ ಹೀಗೆಯೇ.

ಕೈ ಪಳಗಬೇಕಾದರೆ ಇನ್ನೊಂದು ಜಾಗ ಹೇಳುತ್ತೇನೆ. ಆದಿಕಾಂಡ 29:31ರಿಂದ 30:24ರವರೆಗೆ ತೆಗೆದುಕೊಳ್ಳಿ. ಯಾಕೋಬನ ಹೆಂಡತಿಯರಾದ ಲೇಯ, ರಾಹೇಲ ಇಬ್ಬರೂ ಪೈಪೋಟಿಯ ಮೇಲೆ ಹನ್ನೊಂದು ಗಂಡು ಮಕ್ಕಳಿಗೆ ಹೆಸರಿಡುತ್ತಾರೆ, ಪ್ರತಿ ಹೆಸರಿಗೂ ಒಂದು ಮಾತು ಹೇಳುತ್ತಾರೆ. ಹಾಳೆಯಲ್ಲಿ ಮೂರು ಅಂಕಣ ಹಾಕಿ, ಹೆಸರಿನ ಅಕ್ಷರ, ತಾಯಿಯ ಮಾತಿನ ಧಾತು, ಎರಡೂ ಕೂಡುತ್ತವಾ ಇಲ್ಲವಾ ಎಂದು ತುಂಬುತ್ತಾ ಹೋಗಿ. ಯೋಸೇಫನ ಹತ್ತಿರ ಬಂದಾಗ ರಾಹೇಲಳ ಮಾತಿನಲ್ಲಿ ಎರಡು ಬೇರೆ ಧಾತು ಸಿಗುತ್ತವೆ, ಒಂದು ತೆಗೆದುಹಾಕುವುದು, ಇನ್ನೊಂದು ಕೂಡಿಸುವುದು, ಎರಡನ್ನೂ ಬರೆದುಕೊಳ್ಳಿ. ನಡುವೆ 30:21ರಲ್ಲಿ ಒಬ್ಬ ಹೆಣ್ಣು ಮಗಳೂ ಹುಟ್ಟುತ್ತಾಳೆ. ದೀನ ಎಂದು ಹೆಸರಿಟ್ಟಳು ಎಂದಷ್ಟೇ ಇದೆ, ಯಾಕೆ ಎಂದು ಹೇಳಿಲ್ಲ. ಆ ಅಂಕಣವನ್ನು ಖಾಲಿ ಬಿಡಿ.